ಎರಡು ಹೋಳಾಗಿದ್ದ ಮಹಾಪ್ರಬಂಧ: ಸೃಜನಶೀಲ ಬರವಣಿಗೆಯ ಪಿಎಚ್‌ಡಿ, ಒಂದು ಪ್ರಕರಣ ಅಧ್ಯಯನ

ನೋಂದಣಿಯಾಗಿ 20 ತಿಂಗಳು ಕಳೆದಿತ್ತು. ಕಾದಂಬರಿಯ ಮೊದಲ ಕರಡು ಮುಗಿದು 92,000 ಪದಕ್ಕೆ ನಿಂತಿತ್ತು. ವಿಮರ್ಶಾ ಭಾಗದಲ್ಲಿ 14,000 ಪದ ಆಗಿತ್ತು. ಮಾರ್ಗದರ್ಶಕರಿಬ್ಬರೂ ಎರಡನ್ನೂ ಮೊದಲ ಬಾರಿಗೆ ಒಟ್ಟಿಗೆ ಓದಿ ಬಂದಿದ್ದರು. ಕಾದಂಬರಿ ಅವರಿಗೆ ಹಿಡಿಸಿತ್ತು, ವಿಮರ್ಶೆಯಲ್ಲೂ ತಪ್ಪೆಂದು ಬೆರಳಿಟ್ಟು ತೋರಿಸುವಂಥದ್ದೇನೂ ಇರಲಿಲ್ಲ. ಆದರೂ ಮುಖ್ಯ ಮಾರ್ಗದರ್ಶಕರ ಟಿಪ್ಪಣಿ ಶುರುವಾದದ್ದು ಹೀಗೆ: ‘ಈ ಎರಡನ್ನೂ ಬರೆದವರು ಒಬ್ಬರೇ ಎನ್ನಲು ಹಾಳೆಯ ಮೇಲೆ ಏನು ಸಾಕ್ಷಿ ಇದೆ?’ ಸಲ್ಲಿಕೆಗೆ ಉಳಿದಿದ್ದು 16 ತಿಂಗಳು. ಅಷ್ಟರಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಿದ್ದು ಹೇಗೆ ಎಂಬುದೇ ಈ ಪ್ರಕರಣ.

ಇಲ್ಲಿ ಬರುವ ಅಭ್ಯರ್ಥಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಈ ಪದವಿಯ ಹಾದಿಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣದಲ್ಲಿ ಹೆಣೆದಿದೆ. ಚೌಕಟ್ಟು ಬ್ರಿಟನ್ ಮಾದರಿಯದು: ಪೂರ್ಣಾವಧಿಗೆ 3 ವರ್ಷ, ಬೇಕಾದರೆ ಬರೆದು ಮುಗಿಸಲು ಇನ್ನೊಂದು ವರ್ಷ, ಒಟ್ಟು ಮಿತಿ 1,00,000 ಪದದ ಆಸುಪಾಸು, ಅದರಲ್ಲಿ ಮುಕ್ಕಾಲು ಭಾಗದಷ್ಟು ಸೃಜನಶೀಲ ಕೃತಿ, ಉಳಿದದ್ದು ವಿಮರ್ಶೆ, ಕೊನೆಗೆ ಮೌಖಿಕ ಪರೀಕ್ಷೆ. ಪಾಲು ಎಷ್ಟೆಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಕವಿತೆಯ ಸಂಕಲನವಾದರೆ ಪದಗಳ ಲೆಕ್ಕವೇ ಬೇರೆ. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಆಯಾ ಸಂಸ್ಥೆಯ ಸಂಶೋಧನಾ ನಿಯಮಾವಳಿಯನ್ನು ಕೈಯಲ್ಲಿ ಹಿಡಿದು ಓದಬೇಕು. ಪ್ರಚಾರದ ಪುಟದಲ್ಲಿ ಈ ವಿವರ ಸಿಗುವುದು ಅಪರೂಪ.

ಅಮೆರಿಕದ ದಾರಿ ಬೇರೆ. ಅಲ್ಲಿ ಮೊದಲು ತರಗತಿಗಳು, ಆಮೇಲೆ ಉದ್ದದ ಓದುಪಟ್ಟಿಗಳ ಮೇಲೆ ಸಮಗ್ರ ಪರೀಕ್ಷೆ, ಅದಾದ ಮೇಲೆ ಪ್ರಬಂಧ. ನಡುವೆ ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೆಲಸವೂ ಸೇರಿರುತ್ತದೆ. ಪ್ರಬಂಧದಲ್ಲಿ ವಿಮರ್ಶೆಯ ಪಾಲು ಎಷ್ಟೋ ಕಡೆ ಒಂದು ಮುನ್ನುಡಿಯಷ್ಟೇ. ಆಸ್ಟ್ರೇಲಿಯಾದಲ್ಲಿ ಕೃತಿಯ ಜೊತೆಗಿನ ವಿಮರ್ಶಾ ಭಾಗಕ್ಕೆ ‘ಎಕ್ಸಿಜೆಸಿಸ್’ ಎನ್ನುತ್ತಾರೆ. ಅಲ್ಲಿ ಮೌಖಿಕ ಪರೀಕ್ಷೆ ಇಲ್ಲದೆ, ಪರೀಕ್ಷಕರ ಲಿಖಿತ ವರದಿಯ ಮೇಲೇ ತೀರ್ಮಾನವಾಗುವ ಪದ್ಧತಿ ಬಹುಕಾಲದಿಂದ ಇದೆ. ಅಯೋವಾ ವಿಶ್ವವಿದ್ಯಾಲಯ ಸೃಜನಶೀಲ ಕೃತಿಯನ್ನೂ ಉನ್ನತ ಪದವಿಯ ಪ್ರಬಂಧವೆಂದು ಸ್ವೀಕರಿಸಲು ಒಪ್ಪಿದ್ದು 1922ರಲ್ಲಿ. ಅಲ್ಲಿಯ ಹೆಸರಾಂತ ಬರಹಗಾರರ ಕಾರ್ಯಾಗಾರ ಶುರುವಾದದ್ದು 1936ರಲ್ಲಿ. ಬ್ರಿಟನ್ನಿನಲ್ಲಿ ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ತರಗತಿ ತೆರೆದರು. ಹೀಗೆ ಬರವಣಿಗೆ ವಿಶ್ವವಿದ್ಯಾಲಯದೊಳಗೆ ಕಾಲಿಟ್ಟು ನೂರು ವರ್ಷವಾಗಿದ್ದರೂ ‘ಕಾದಂಬರಿ ಬರೆದರೆ ಅದು ಸಂಶೋಧನೆ ಹೇಗಾಗುತ್ತದೆ?’ ಎಂಬ ಪ್ರಶ್ನೆಯನ್ನು ಪ್ರತಿ ಅಭ್ಯರ್ಥಿಯೂ ಹೊಸದಾಗಿ ಎದುರಿಸಬೇಕು. ನಮ್ಮ ಅಭ್ಯರ್ಥಿ ಎಡವಿದ್ದು ಅಲ್ಲೇ.

ಅರ್ಜಿಯಲ್ಲೇ ಇದ್ದ ಬಿರುಕು

ಅರ್ಜಿಯ ಜೊತೆ ಕೊಟ್ಟದ್ದು 1,500 ಪದದ ಸಂಶೋಧನಾ ಪ್ರಸ್ತಾವ, 5,000 ಪದದ ಕಥನದ ಮಾದರಿ. ಇಂಗ್ಲಿಷಿನಲ್ಲಿ ಬರೆಯಲಿದ್ದ ಕಾದಂಬರಿಯ ವಸ್ತು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಒಂದು ಊರು. ನಿರೂಪಣೆ ಊರಿನವರೆಲ್ಲ ಸೇರಿ ‘ನಾವು’ ಎಂದು ಹೇಳುವ ಧಾಟಿಯಲ್ಲಿ. ಮಾದರಿ ಪುಟಗಳಲ್ಲಿ ಆ ದನಿ ಗಟ್ಟಿಯಾಗಿ ನಿಂತಿತ್ತು. ಪ್ರವೇಶ ಸಿಕ್ಕಿದ್ದೂ ಅದರ ಬಲದಿಂದಲೇ.

ಪ್ರಸ್ತಾವದ ವಿಮರ್ಶಾ ಭಾಗ ಮಾತ್ರ ಹೀಗಿತ್ತು: ‘ಸ್ಥಳಾಂತರದ ಸಾಹಿತ್ಯದಲ್ಲಿ ನೆನಪು ಮತ್ತು ನಷ್ಟದ ಚಿತ್ರಣವನ್ನು ಅಧ್ಯಯನ ಮಾಡಲಾಗುವುದು.’ ಇದು ಸಾಹಿತ್ಯ ವಿಭಾಗದ ಯಾವ ಪ್ರಬಂಧಕ್ಕೂ ಹೊಂದುವ ವಾಕ್ಯ. ಕಾದಂಬರಿ ಬರೆಯದವರೂ ಈ ಅಧ್ಯಯನ ಮಾಡಬಹುದು. ಕಾದಂಬರಿ ಬರೆಯುವವರಿಗಷ್ಟೇ ಸಿಗುವ ಯಾವ ತಿಳಿವಳಿಕೆಯೂ ಇದಕ್ಕೆ ಬೇಕಿಲ್ಲ. ವಸ್ತು ಒಂದೇ ಆದ್ದರಿಂದ ಎರಡು ಭಾಗಗಳೂ ತಾವಾಗಿ ಕೂಡಿಕೊಳ್ಳುತ್ತವೆ ಎಂದು ಅಭ್ಯರ್ಥಿ ನಂಬಿದ್ದರು. ಈ ನಂಬಿಕೆ ತುಂಬ ಸಾಮಾನ್ಯ, ತುಂಬ ದುಬಾರಿ ಕೂಡ. ಎರಡು ಭಾಗಗಳನ್ನು ಬೆಸೆಯುವುದು ವಸ್ತುವಲ್ಲ, ಪ್ರಶ್ನೆ. ಅದರಲ್ಲೂ ಬರೆಯುತ್ತಲೇ ಉತ್ತರ ಹುಡುಕಬೇಕಾದಂಥ ಪ್ರಶ್ನೆ.

ಕಲೆ ಮತ್ತು ಸಂಶೋಧನೆಯ ಸಂಬಂಧವನ್ನು ಬ್ರಿಟನ್ನಿನ ಕಲಾ ಶಿಕ್ಷಣ ತಜ್ಞ ಕ್ರಿಸ್ಟೊಫರ್ ಫ್ರೇಲಿಂಗ್ 1993ರಲ್ಲಿ ಮೂರಾಗಿ ವಿಂಗಡಿಸಿದರು: ಕಲೆಯ ಕುರಿತ ಸಂಶೋಧನೆ, ಕಲೆಯ ಮೂಲಕ ನಡೆಯುವ ಸಂಶೋಧನೆ, ಕಲೆಗಾಗಿ ಮಾಡುವ ಸಂಶೋಧನೆ. ಅಣೆಕಟ್ಟಿನ ಎತ್ತರ, ಪರಿಹಾರದ ಕಾಗದದ ನಮೂನೆ ಇವನ್ನೆಲ್ಲ ಹುಡುಕುವುದು ಮೂರನೆಯದು. ಬೇರೆಯವರ ಕಾದಂಬರಿ ಓದಿ ಬರೆಯುವುದು ಮೊದಲನೆಯದು. ಈ ಪದವಿಗೆ ಬೇಕಾಗಿರುವುದು ಮುಖ್ಯವಾಗಿ ನಡುವಿನದು. ಅಭ್ಯರ್ಥಿ ಮೊದಲನೆಯದನ್ನೂ ಮೂರನೆಯದನ್ನೂ ಶ್ರದ್ಧೆಯಿಂದ ಮಾಡಿದರು. ನಡುವಿನದು ಅವರ ಮೇಜಿನ ಮೇಲೆ ದಿನವೂ ನಡೆಯುತ್ತಿತ್ತು, ಆದರೆ ಅದನ್ನು ಬರೆದಿಡಬೇಕು ಎಂಬುದು ಹೊಳೆಯಲೇ ಇಲ್ಲ.

ಮೊದಲ ವರ್ಷ

ವರ್ಷಕ್ಕೆ ಹತ್ತು ಭೇಟಿ. ಪ್ರತಿ ಭೇಟಿಗೆ ಒಂದು ವಾರ ಮೊದಲು 5,000ದಿಂದ 8,000 ಪದ ಕಳಿಸಬೇಕು. ಭೇಟಿಯಾದ ಎರಡು ದಿನದೊಳಗೆ ಅಭ್ಯರ್ಥಿಯೇ ಮಾತುಕತೆಯ ಸಾರವನ್ನು ಅರ್ಧ ಪುಟದಲ್ಲಿ ಬರೆದು ಮಾರ್ಗದರ್ಶಕರಿಗೆ ಕಳಿಸಬೇಕು. ಈ ಕೊನೆಯ ಅಭ್ಯಾಸವನ್ನು ಅಭ್ಯರ್ಥಿ ಬಿಡದೆ ಪಾಲಿಸಿದ್ದರು. ಅದೇ ಮುಂದೆ ಅವರನ್ನು ಕಾಪಾಡಿತು.

ಬರವಣಿಗೆಯ ವೇಗ ವಾರಕ್ಕೆ ಐದು ದಿನ, ದಿನಕ್ಕೆ 500 ಪದ. ಈ ಲೆಕ್ಕದಲ್ಲಿ 75,000 ಪದಕ್ಕೆ 30 ವಾರ ಸಾಕು. ಕಾಗದದ ಮೇಲಿನ ಈ ಲೆಕ್ಕವನ್ನು ನೆಚ್ಚಿಕೊಂಡರೆ ಕೆಟ್ಟೆವು. ಓದಿಗೆ, ತಿರುಗಿ ಬರೆಯಲಿಕ್ಕೆ, ತಪ್ಪು ದಾರಿ ಹಿಡಿದ ಅಧ್ಯಾಯವನ್ನು ಎಸೆಯಲಿಕ್ಕೆ ಅಷ್ಟೇ ಕಾಲ ಮತ್ತೆ ಬೇಕು. ಮೊದಲ ಕರಡಿಗೆ ಅವರಿಗೆ ಹಿಡಿದದ್ದು ಸುಮಾರು 15 ತಿಂಗಳು.

ಮೊದಲ ವರ್ಷದ ಕೊನೆಗೆ ದೃಢೀಕರಣದ ಹಂತ. ಎಂ.ಫಿಲ್. ಹೆಸರಿನಲ್ಲಿ ನೋಂದಾಯಿಸಿಕೊಂಡವರು ಪಿಎಚ್‌ಡಿಗೆ ಏರುವುದು ಇಲ್ಲಿ. ಕಾದಂಬರಿಯ 15,000 ಪದ, ವಿಮರ್ಶೆಯ 6,000 ಪದ, ಅಧ್ಯಾಯಗಳ ನಕ್ಷೆ, ಉಳಿದ ಕಾಲದ ವೇಳಾಪಟ್ಟಿ ಇಷ್ಟನ್ನು ಇಬ್ಬರು ಸದಸ್ಯರ ಸಮಿತಿಗೆ ಕೊಡಬೇಕಿತ್ತು. ಸಮಿತಿ ಏರಿಕೆಗೆ ಒಪ್ಪಿಗೆ ಕೊಟ್ಟಿತು, ಆದರೆ ‘ವಿಮರ್ಶೆ ಕಾದಂಬರಿಯ ನಿರೂಪಣೆಯ ಕಡೆಗೆ ಇನ್ನಷ್ಟು ತಿರುಗಲಿ’ ಎಂದೂ ಬರೆಯಿತು. ಅಭ್ಯರ್ಥಿ ಇದನ್ನು ಒಂದು ಸೌಮ್ಯ ಸಲಹೆ ಎಂದುಕೊಂಡು, ವಿಮರ್ಶಾ ಭಾಗದ ಕೊನೆಗೆ ತಮ್ಮ ಕಾದಂಬರಿಯ ಬಗ್ಗೆ ಎರಡು ಪುಟ ಸೇರಿಸಿ ಮುಂದಕ್ಕೆ ಹೋದರು. ಸಮಿತಿಯ ವರದಿಯಲ್ಲಿ ‘ಇನ್ನಷ್ಟು’ ಎಂಬ ಪದ ಕಂಡರೆ ಅದನ್ನು ‘ಸದ್ಯ ಇಲ್ಲ’ ಎಂದೇ ಓದಿಕೊಳ್ಳುವುದು ಒಳ್ಳೆಯದು. ಮೆದುವಾಗಿ ಬರೆಯುವುದು ಅಲ್ಲಿಯ ರೂಢಿ.

ಇಪ್ಪತ್ತನೇ ತಿಂಗಳ ರೋಗನಿದಾನ

ಮಾರ್ಗದರ್ಶಕರ ಪ್ರಶ್ನೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಸರಳ. ವಿಮರ್ಶಾ ಭಾಗದ 14,000 ಪದವನ್ನು ಮುದ್ರಿಸಿಕೊಂಡು, ಈ ಕಾದಂಬರಿಯನ್ನು ಬರೆದವರಿಗೆ ಮಾತ್ರ ಗೊತ್ತಿರಬಹುದಾದ ವಾಕ್ಯಗಳ ಕೆಳಗೆ ಗೆರೆ ಎಳೆಯುವುದು. ಗೆರೆ ಬಿದ್ದದ್ದು ಕೊನೆಯ ಎರಡು ಪುಟಗಳಲ್ಲಿ, ಅದೂ ಐದಾರು ವಾಕ್ಯಗಳಿಗೆ. ಅವುಗಳಲ್ಲೂ ಹೆಚ್ಚಿನವು ‘ನಾನು ಈ ಪಾತ್ರವನ್ನು ಹೀಗೆ ಕಲ್ಪಿಸಿಕೊಂಡೆ’ ಎಂಬ ಜಾತಿಯವು. ಇದು ಲೇಖಕರ ಮಾತು ಹೌದು, ವಾದವಲ್ಲ. ಓದುಗ ‘ಸರಿ, ಆಮೇಲೆ?’ ಎಂದು ಕೇಳಿದರೆ ಉತ್ತರವಿಲ್ಲ.

ಎರಡನೆಯ ಕೆಲಸ, ಕಾದಂಬರಿಯಲ್ಲಿ ಬರವಣಿಗೆ ಕಷ್ಟಕೊಟ್ಟ ಜಾಗಗಳನ್ನು ಗುರುತಿಸುವುದು. ನಮ್ಮ ಮಟ್ಟಿಗೆ ಇದೇ ಇಡೀ ಪ್ರಕರಣದ ಕೀಲಿ. ಸಂಶೋಧನಾ ಪ್ರಶ್ನೆ ಗ್ರಂಥಾಲಯದಲ್ಲಿ ಕೂತರೆ ಹೊಳೆಯುವುದಿಲ್ಲ. ಕರಡು ಎಲ್ಲಿ ಪದೇ ಪದೇ ಮುರಿಯುತ್ತದೋ ಅಲ್ಲಿರುತ್ತದೆ. ಅಭ್ಯರ್ಥಿ ಆರು ಬಾರಿ ತಿದ್ದಿಯೂ ಸಮಾಧಾನವಾಗದ ದೃಶ್ಯಗಳ ಪಟ್ಟಿ ಮಾಡಿದರು. ಒಟ್ಟು ನಾಲ್ಕು. ನಾಲ್ಕರಲ್ಲೂ ಊರು ಒಡೆಯುತ್ತದೆ: ಕೆಲವರು ಪರಿಹಾರದ ಕಾಗದಕ್ಕೆ ಸಹಿ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಊರು ಒಂದಾಗಿದ್ದ ದೃಶ್ಯಗಳೆಲ್ಲ ಸಲೀಸಾಗಿ ಬಂದಿದ್ದವು.

ಕಾರಣ ಅಲ್ಲೇ ಇತ್ತು. ‘ನಾವು’ ಎಂದು ಹೇಳುವ ಗುಂಪೇ ಎರಡಾದಾಗ ‘ನಾವು’ ಎನ್ನುತ್ತಿರುವವರು ಯಾರು? ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಕೇಳುವವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಹೊರಗಿಟ್ಟ ‘ನಾವು’ ಬೇರೆ. ತುಳುವಿನ ‘ನಮ’ ಮತ್ತು ‘ಎಂಕುಲು’ ಹಾಗೆ. ಇಂದಿನ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ವ್ಯಾಕರಣ ಹೇಳಿಕೊಡುವುದಿಲ್ಲ, ಕಥನವೇ ಹೇಳಬೇಕು. ಪ್ರಶ್ನೆ ಕೊನೆಗೂ ಒಂದು ವಾಕ್ಯಕ್ಕೆ ಇಳಿಯಿತು: ‘ಗುಂಪು ಒಡೆಯುವ ಗಳಿಗೆಯಲ್ಲಿ, ನಿರೂಪಕರನ್ನು ಬದಲಾಯಿಸದೆ, ಬಹುವಚನದ ನಿರೂಪಣೆ ಆ ಒಡಕನ್ನು ಹೇಗೆ ತೋರಿಸಬಲ್ಲದು?’ ಇದಕ್ಕೆ ಬರೆದೇ ಉತ್ತರ ಕೊಡಬೇಕು. ಬೇರೆಯವರ ಕೃತಿಗಳನ್ನು ಓದಿ ಅರ್ಧ ಉತ್ತರ ಕೊಡಬಹುದು, ಅಷ್ಟೆ.

ಒಂದು ಪ್ಯಾರಾ, ಎರಡು ಕರಡು

ಆ ನಾಲ್ಕು ದೃಶ್ಯಗಳಲ್ಲಿ ಒಂದು, ಹಿನ್ನೀರು ಊರಿನೊಳಗೆ ಬರುವ ರಾತ್ರಿ. ಮೊದಲ ಕರಡಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ:

‘ಆ ರಾತ್ರಿ ನಾವು ಯಾರೂ ಮಲಗಲಿಲ್ಲ. ನೀರು ಶಾಲೆಯ ಮೂರನೇ ಮೆಟ್ಟಿಲಿಗೆ ಬಂದದ್ದನ್ನು ನೋಡಿದೆವು. ನಮ್ಮಲ್ಲಿ ಕೆಲವರು ಆಗಲೇ ಗುಟ್ಟಾಗಿ ಕಾಗದಕ್ಕೆ ಸಹಿ ಹಾಕಿದ್ದರು. ಉಳಿದವರಿಗೆ ಅದು ಗೊತ್ತಿರಲಿಲ್ಲ.’

ಓದಲು ತೊಡಕಿಲ್ಲ, ಆದರೆ ತರ್ಕ ಕುಸಿದಿದೆ. ಸಹಿಯ ಗುಟ್ಟು ‘ಉಳಿದವರಿಗೆ’ ಗೊತ್ತಿಲ್ಲ ಎಂದು ಹೇಳುತ್ತಿರುವವರು ಯಾರು? ಸಹಿ ಹಾಕಿದವರು ‘ನಮ್ಮಲ್ಲಿ ಕೆಲವರು ಗುಟ್ಟಾಗಿ’ ಎನ್ನುವುದಿಲ್ಲ. ಹಾಕದವರಿಗೆ ವಿಷಯವೇ ತಿಳಿದಿಲ್ಲ. ಅಂದರೆ ಎಲ್ಲವನ್ನೂ ಬಲ್ಲ ಇನ್ನೊಬ್ಬ ನಿರೂಪಕ ಕದ್ದು ಒಳಗೆ ಬಂದಿದ್ದಾನೆ. ‘ನಾವು’ ಇಲ್ಲಿ ಹೆಸರಿಗೆ ಮಾತ್ರ. ಆರು ಬಾರಿಯ ತಿದ್ದುಪಡಿಯಲ್ಲಿ ಅಭ್ಯರ್ಥಿ ಪದಗಳನ್ನು ಬದಲಾಯಿಸಿದ್ದರು, ತಿಳಿವಳಿಕೆ ಯಾರದು ಎಂಬುದನ್ನು ಮುಟ್ಟಿರಲಿಲ್ಲ. ಪ್ರಶ್ನೆ ಸ್ಪಷ್ಟವಾದ ಮೇಲೆ ಬಂದ ಕರಡು:

‘ಆ ರಾತ್ರಿ ನಾವು ಮಲಗಲಿಲ್ಲ. ನೀರು ಶಾಲೆಯ ಮೂರನೇ ಮೆಟ್ಟಿಲಿಗೆ ಬಂದಾಗ ದೀಪಗಳನ್ನು ಎಣಿಸಿದೆವು: ಅರವತ್ತೊಂದು. ಬೆಳಗಿನ ಜಾವ ಮತ್ತೆ ಎಣಿಸಿದೆವು: ನಲವತ್ತು. ಆರಿದ ದೀಪಗಳ ಮನೆಯವರನ್ನು ಅಲ್ಲಿಂದ ಮುಂದೆ ಅವರು ಎಂದೆವು.’

ಗುಟ್ಟಿನ ಮಾತೇ ಇಲ್ಲ. ಗುಂಪಿಗೆ ಕಣ್ಣಿಗೆ ಕಂಡದ್ದು ಮಾತ್ರ ಹಾಳೆಯ ಮೇಲಿದೆ: ಎರಡು ಎಣಿಕೆ. ಇಪ್ಪತ್ತೊಂದು ಮನೆಗಳು ‘ನಾವು’ ಎಂಬುದರಿಂದ ಜಾರಿ ‘ಅವರು’ ಆಗುವುದು ಓದುಗನ ಎದುರಿಗೇ, ಒಂದು ಸರ್ವನಾಮದಲ್ಲಿ ನಡೆಯುತ್ತದೆ. ನಿರೂಪಕ ಬದಲಾಗಿಲ್ಲ, ಕುಗ್ಗಿದ್ದಾನೆ. ಇದೇ ವಿಮರ್ಶಾ ಭಾಗದ ಮುಖ್ಯ ವಾದವಾಯಿತು: ಒಡಕಿನ ಗಳಿಗೆಯಲ್ಲಿ ಬಹುವಚನದ ನಿರೂಪಕನಿಗೆ ಹೆಚ್ಚಿನ ತಿಳಿವಳಿಕೆ ಕೊಟ್ಟರೆ ದನಿ ಸುಳ್ಳಾಗುತ್ತದೆ, ಅವನ ಅಳತೆಯನ್ನು ಕಡಿಮೆ ಮಾಡಿದರೆ ಒಡಕು ಕಾಣುತ್ತದೆ.

ಇನ್ನೊಂದು ತೊಡಕೂ ಇತ್ತು. ಒಬ್ಬನೇ ಇದ್ದ ಕೋಣೆಯಲ್ಲಿ ನಡೆದದ್ದನ್ನು ಗುಂಪು ಹೇಗೆ ಹೇಳುತ್ತದೆ? ಕನ್ನಡದಲ್ಲಿ ಬರೆಯುವವರಿಗೆ ‘ಅಂತೆ’ ಇದೆ. ‘ಕಾಗದ ನೋಡಿ ನಕ್ಕನಂತೆ’ ಎಂದರೆ ಸಾಕು, ಕೇಳಿದ ಮಾತು, ಕಂಡದ್ದಲ್ಲ ಎಂಬುದು ಕ್ರಿಯಾಪದದ ಬಾಲದಲ್ಲೇ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಅಭ್ಯರ್ಥಿ ಅದಕ್ಕೆ ಒಂದೊಂದು ಬಾರಿಯೂ ಪ್ರತ್ಯೇಕ ಉಪವಾಕ್ಯ ಕಟ್ಟಬೇಕಾಯಿತು. ಪ್ರತಿ ಪುಟದಲ್ಲೂ ‘ಹಾಗೆಂದು ಆಮೇಲೆ ಕೇಳಿದೆವು’ ಬಂದರೆ ಓದು ದಣಿಯುತ್ತದೆ. ಅವರು ಕಂಡುಕೊಂಡ ದಾರಿ, ಅಧ್ಯಾಯದ ಆರಂಭದಲ್ಲಿ ಒಮ್ಮೆ ಮಾತು ತಂದವರು ಯಾರೆಂದು ಹೇಳಿ, ಆಮೇಲೆ ಅವರ ಮಾತಿನ ಲಯದಲ್ಲೇ ದೃಶ್ಯವನ್ನು ನಡೆಸುವುದು. ಇದರ ಚರ್ಚೆಗೆ ವಿಮರ್ಶಾ ಭಾಗದಲ್ಲಿ ಒಂದು ಅಧ್ಯಾಯವೇ ಬೇಕಾಯಿತು.

ಪುರಾವೆ ಎಲ್ಲಿ?

ವಾದ ಸಿಕ್ಕಿತು. ಅದನ್ನು ತೋರಿಸಲು ಕರಡುಗಳು ಬೇಕು. ಅಭ್ಯರ್ಥಿ ಇಡೀ ಕಾದಂಬರಿಯನ್ನು ಒಂದೇ ಕಡತದಲ್ಲಿ ಬರೆದು, ಅದರ ಮೇಲೇ ತಿದ್ದಿ, ಅದನ್ನೇ ಉಳಿಸಿದ್ದರು. ಆರು ತಿದ್ದುಪಡಿಗಳಲ್ಲಿ ಕೊನೆಯದು ಮಾತ್ರ ಉಳಿದಿತ್ತು. ಸೃಜನಶೀಲ ಬರವಣಿಗೆಯ ಸಂಶೋಧನೆಯಲ್ಲಿ ಹಳೆಯ ಕರಡು ಎಂದರೆ ಪ್ರಯೋಗಾಲಯದ ದಾಖಲೆ ಪುಸ್ತಕ ಇದ್ದ ಹಾಗೆ. ಅದನ್ನು ಅಳಿಸಿಹಾಕಿದವರು ‘ನಾನು ಹೀಗೆ ಮಾಡಿದೆ’ ಎಂದು ನೆನಪಿನಿಂದ ಹೇಳಬೇಕಾಗುತ್ತದೆ, ಮತ್ತು ನೆನಪು ಯಾವಾಗಲೂ ಕೊನೆಯ ಕರಡಿನ ಪರ ವಾದಿಸುತ್ತದೆ.

ಕಾಪಾಡಿದ್ದು ಪ್ರತಿ ಭೇಟಿಗೆ ಮುಂಚೆ ಮಿಂಚಂಚೆಯಲ್ಲಿ ಕಳಿಸಿದ್ದ ಕಂತುಗಳು ಮತ್ತು ಭೇಟಿಯ ನಂತರದ ಅರ್ಧ ಪುಟದ ಸಾರಗಳು. ದಿನಾಂಕದ ಸಮೇತ ಎಲ್ಲವೂ ಅಂಚೆಪೆಟ್ಟಿಗೆಯಲ್ಲಿ ಇದ್ದವು. ಅವನ್ನು ಇಳಿಸಿಕೊಂಡಾಗ ನಾಲ್ಕು ದೃಶ್ಯಗಳ ಪೈಕಿ ಮೂರಕ್ಕೆ ಎರಡೆರಡು ಹಳೆಯ ರೂಪಗಳು ಸಿಕ್ಕವು. ನಾಲ್ಕನೆಯದಕ್ಕೆ ಸಿಗಲಿಲ್ಲ, ಅದನ್ನು ವಿಮರ್ಶೆಯಿಂದ ಕೈಬಿಟ್ಟರು. ನೆನಪಿನಿಂದ ಹಳೆಯ ಕರಡನ್ನು ಮರುಸೃಷ್ಟಿಸುವ ಆಸೆ ಬಂದಿತ್ತು. ಹಾಗೆ ಮಾಡದಿದ್ದದ್ದೇ ಸರಿ, ಅದು ಪುರಾವೆಯನ್ನು ಸೃಷ್ಟಿಸಿದಂತಾಗುತ್ತಿತ್ತು.

ಅಲ್ಲಿಂದ ಮುಂದೆ ಎರಡು ಪದ್ಧತಿ ಹಾಕಿಕೊಂಡರು. ಒಂದು, ಪ್ರತಿ ಅಧ್ಯಾಯಕ್ಕೆ ಪ್ರತ್ಯೇಕ ಕಡತ. ಹೆಸರಿನಲ್ಲಿ ಅಧ್ಯಾಯದ ಸಂಖ್ಯೆ, ಕರಡಿನ ಸಂಖ್ಯೆ, ದಿನಾಂಕ. ಕರಡು ಬದಲಾದಾಗಲೆಲ್ಲ ಹೊಸ ಕಡತ, ಹಳೆಯದನ್ನು ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ಎರಡು ಕಡೆ ನಕಲು. ಎರಡು, ತೀರ್ಮಾನಗಳ ಪುಸ್ತಕ. ದಿನಚರಿಯಂತೆ ಮನಸ್ಸಿನ ಸ್ಥಿತಿ ಬರೆಯುವುದಕ್ಕಲ್ಲ. ಕೆಲಸ ಮುಗಿಸಿ ಏಳುವಾಗ ಮೂರೇ ಸಾಲು: ಇವತ್ತು ಏನನ್ನು ಬದಲಾಯಿಸಿದೆ, ಯಾಕೆ, ಅದರ ಬದಲು ಇನ್ನೇನು ಮಾಡಬಹುದಿತ್ತು. ಮೂರನೆಯ ಸಾಲೇ ಮುಖ್ಯ. ತಿರಸ್ಕರಿಸಿದ ಆಯ್ಕೆ ದಾಖಲಾಗದಿದ್ದರೆ ಆಯ್ಕೆ ನಡೆಯಿತು ಎಂಬುದನ್ನೇ ತೋರಿಸಲಾಗದು. ದಿನಕ್ಕೆ ಐದು ನಿಮಿಷದ ಕೆಲಸ. ಇದನ್ನು ಮೊದಲ ವಾರದಿಂದಲೇ ಮಾಡಿದ್ದರೆ ಪ್ರಕರಣ ಇಷ್ಟು ಬಿಗಡಾಯಿಸುತ್ತಿರಲಿಲ್ಲ.

ವಿಮರ್ಶಾ ಭಾಗದ ಮರುಕಟ್ಟಣೆ

14,000 ಪದಗಳಲ್ಲಿ ಉಳಿದದ್ದು ಸುಮಾರು 3,000. ಇದು ನೋವಿನ ಸಂಗತಿಯೇ. ಸ್ಥಳಾಂತರದ ಸಾಹಿತ್ಯದ ಮೇಲಿನ ಉದ್ದನೆಯ ಸಮೀಕ್ಷೆ ಹೋಯಿತು. ಅದರಿಂದ ಒಂದು ಬಿಡಿ ಲೇಖನ ಮಾಡಿಕೊಳ್ಳಬಹುದು ಎಂದು ಬೇರೆ ಇಟ್ಟರು. ಹೊಸ ಕಟ್ಟಡ 25,000 ಪದದ್ದು. ಆರಂಭಕ್ಕೆ ಪ್ರಶ್ನೆ ಮತ್ತು ವಿಧಾನ, 4,000 ಪದ. ಆಮೇಲೆ ‘ನಾವು’ ನಿರೂಪಣೆಯ ಬಗ್ಗೆ ಈಗಾಗಲೇ ಇರುವ ಚರ್ಚೆ, 6,000. ಇಲ್ಲಿ ನಿರೂಪಣಾ ಶಾಸ್ತ್ರದ ವಿದ್ವಾಂಸರಾದ ಸೂಸನ್ ಲ್ಯಾನ್ಸರ್ 1992ರಲ್ಲಿ ಮುಂದಿಟ್ಟ ‘ಸಮುದಾಯದ ದನಿ’ಯ ಪರಿಕಲ್ಪನೆಯೂ ಬ್ರಯನ್ ರಿಚರ್ಡ್‌ಸನ್ 2006ರ ಪುಸ್ತಕದಲ್ಲಿ ಬಹುವಚನದ ನಿರೂಪಕರ ಬಗ್ಗೆ ಮಾಡಿದ ವಿವೇಚನೆಯೂ ಆಧಾರ. ಉದಾಹರಣೆಗೆ ಎರಡೇ ಕೃತಿ: ಒಂದು ಇಡೀ ಊರು ನಿರೂಪಿಸುವ ವಿಲಿಯಂ ಫಾಕ್ನರ್‌ನ 1930ರ ಸಣ್ಣಕತೆ, ಇನ್ನೊಂದು ವಲಸೆ ಬಂದ ಹೆಂಗಸರ ಗುಂಪು ಮಾತಾಡುವ ಜೂಲಿ ಒಟ್ಸುಕಾರ 2011ರ ಕಾದಂಬರಿ. ಹಳೆಯ ರೂಪದಲ್ಲಿ ಒಂಬತ್ತು ಕೃತಿಗಳ ಚರ್ಚೆಯಿತ್ತು. ಒಂಬತ್ತನ್ನು ಮುಟ್ಟಿ ಹೋಗುವುದಕ್ಕಿಂತ ಎರಡನ್ನು ಸರ್ವನಾಮ ಸರ್ವನಾಮವಾಗಿ ಓದುವುದು ಈ ಪ್ರಶ್ನೆಗೆ ಬೇಕಿತ್ತು. ಆಮೇಲಿನ ಎರಡು ಅಧ್ಯಾಯಗಳು, ತಲಾ 6,000 ಪದ, ಅಭ್ಯರ್ಥಿಯ ಕರಡುಗಳದ್ದು: ಒಂದರಲ್ಲಿ ಗುಂಪಿನ ಕುಗ್ಗುವಿಕೆ, ಇನ್ನೊಂದರಲ್ಲಿ ಕೇಳಿದ ಮಾತಿನ ನಿರೂಪಣೆ. ಕೊನೆಗೆ 3,000 ಪದ.

ವಿಧಾನದ ಭಾಗದಲ್ಲಿ ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ 1983ರಲ್ಲಿ ಹೇಳಿದ, ಕೆಲಸ ಮಾಡುತ್ತಲೇ ಯೋಚಿಸುವ ಕುಶಲಕರ್ಮಿಯ ವಿಚಾರ ಅಭ್ಯರ್ಥಿಗೆ ನೆರವಾಯಿತು. ಇದನ್ನು ಒಂದು ಪುಟದಲ್ಲಿ ಮುಗಿಸಿದ್ದು ಒಳ್ಳೆಯದಾಯಿತು. ಸಿದ್ಧಾಂತದ ಹೆಸರುಗಳನ್ನು ಪೇರಿಸಿ ಕಾದಂಬರಿಗೆ ಗೌರವ ತಂದುಕೊಡಬೇಕು ಎಂಬ ಭಯ ಈ ಪದವಿಯ ಅನೇಕ ಪ್ರಬಂಧಗಳನ್ನು ಕೆಡಿಸಿದೆ.

ಇದರ ಪರಿಣಾಮ ಕಾದಂಬರಿಯ ಮೇಲೂ ಆಯಿತು, ಆಗಲೇಬೇಕಿತ್ತು. ಗುಂಪಿಗೆ ಗೊತ್ತಿರಲು ಸಾಧ್ಯವಿಲ್ಲದ ಸಂಗತಿಗಳನ್ನು ಹೇಳುತ್ತಿದ್ದ ಪುಟಗಳನ್ನು ಹುಡುಕಿ ತೆಗೆದಾಗ 92,000 ಪದ 81,000ಕ್ಕೆ ಬಂತು. ಎಂಜಿನಿಯರ್ ಒಬ್ಬನ ಮನಸ್ಸಿನೊಳಗೆ ಹೋಗುತ್ತಿದ್ದ ಇಡೀ ಅಧ್ಯಾಯವನ್ನು ಬಿಟ್ಟ ಮೇಲೆ 74,500. ಇನ್ನೆರಡು ಹಳೆಯ ಕರಡುಗಳ ತುಣುಕುಗಳನ್ನು ಅನುಬಂಧದಲ್ಲಿ ಕೊಟ್ಟರು. ಅನುಬಂಧವನ್ನು ಪದಮಿತಿಗೆ ಸೇರಿಸುತ್ತಾರೋ ಇಲ್ಲವೋ ಎಂಬುದನ್ನು ಸಂಶೋಧನಾ ಕಚೇರಿಯಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು. ಈ ಪ್ರಕರಣದಲ್ಲಿ ಸೇರುತ್ತಿರಲಿಲ್ಲ.

ಅನುಮತಿಗಳು: ಚಿಕ್ಕ ಭಾಗ, ದೊಡ್ಡ ಪೆಟ್ಟು

ಎರಡನೇ ವರ್ಷದ ಆರಂಭದಲ್ಲಿ ಅಭ್ಯರ್ಥಿ ಮನೆ ಕಳೆದುಕೊಂಡ ಇಬ್ಬರನ್ನು ಮಾತಾಡಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದರು. ಕಾದಂಬರಿಗಾಗಿ ತಾನೇ, ಇದು ಸಂಶೋಧನೆಯಲ್ಲ ಎಂದುಕೊಂಡಿದ್ದರು. ಆದರೆ ಪಿಎಚ್‌ಡಿಯ ಭಾಗವಾಗಿ ಬರೆಯುವ ಕಾದಂಬರಿಯೂ ಸಂಶೋಧನೆಯೇ, ಜನರನ್ನು ಮಾತಾಡಿಸಿ ಮಾಹಿತಿ ಸಂಗ್ರಹಿಸುವ ಮುಂಚೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಹಿಂದಿನ ದಿನಾಂಕಕ್ಕೆ ಕೊಡುವುದಿಲ್ಲ. ಆ ಎರಡು ಮುದ್ರಣಗಳನ್ನೂ ಅವುಗಳಿಂದ ಬಂದ ಸಾಲುಗಳನ್ನೂ ಪ್ರಬಂಧದಿಂದ ಕೈಬಿಡಬೇಕಾಯಿತು. ಇಬ್ಬರಲ್ಲಿ ಒಬ್ಬರು ಹೇಳಿದ್ದ ಮಾತು ಕಾದಂಬರಿಯ ಕೊನೆಯ ಪುಟದಲ್ಲಿತ್ತು. ಅದರ ಜಾಗದಲ್ಲಿ ಬೇರೆ ಬರೆಯಲು ಮೂರು ವಾರ ಹಿಡಿಯಿತು.

ಇನ್ನೊಂದು, ಅಧ್ಯಾಯಗಳ ತಲೆಯ ಮೇಲೆ ಉದ್ಧರಿಸಿದ್ದ ಹಾಡಿನ ಸಾಲುಗಳು. ಪರೀಕ್ಷೆಗೆ ಕೊಡುವ ಪ್ರತಿಯಲ್ಲಿ ಉದ್ಧರಣೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪದವಿಯಾದ ಮೇಲೆ ಪ್ರಬಂಧ ವಿಶ್ವವಿದ್ಯಾಲಯದ ಜಾಲ ಭಂಡಾರದಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಆಗ ಅದು ಪ್ರಕಟಣೆ. ಹಾಡು ಚಿಕ್ಕದಾದ್ದರಿಂದ ಎರಡು ಸಾಲು ಎಂದರೂ ಕೃತಿಯ ದೊಡ್ಡ ಪಾಲು, ಹಕ್ಕುದಾರರು ಬಿಗಿಯಾಗಿರುತ್ತಾರೆ. ಅಭ್ಯರ್ಥಿ ಎಲ್ಲ ಸಾಲುಗಳನ್ನೂ ತೆಗೆದು, ತಾವೇ ಕಟ್ಟಿದ ಸಾಲುಗಳನ್ನು ಹಾಕಿದರು.

ಮೌಖಿಕ ಪರೀಕ್ಷೆ

ಸಲ್ಲಿಕೆಗೆ ಮೂರು ತಿಂಗಳು ಮೊದಲು ಪರೀಕ್ಷಕರ ಹೆಸರುಗಳನ್ನು ಮಾರ್ಗದರ್ಶಕರು ಸೂಚಿಸಬೇಕು. ಒಬ್ಬರು ಒಳಗಿನವರು, ಒಬ್ಬರು ಹೊರಗಿನವರು. ಹೊರಗಿನವರು ಅಭ್ಯರ್ಥಿಯ ಕೆಲಸದಲ್ಲಿ ಈ ಮುಂಚೆ ಕೈಯಾಡಿಸಿರಬಾರದು. ಕಾರ್ಯಾಗಾರದಲ್ಲಿ ಕಾದಂಬರಿಯ ಅಧ್ಯಾಯ ಓದಿ ಸಲಹೆ ಕೊಟ್ಟ ಹಿರಿಯ ಲೇಖಕರೊಬ್ಬರ ಹೆಸರು ಮೊದಲು ಮನಸ್ಸಿನಲ್ಲಿತ್ತು. ಈ ಕಾರಣಕ್ಕೇ ಬಿಡಬೇಕಾಯಿತು. ಸ್ವತಃ ಕಥನ ಬರೆಯುವ ಮತ್ತು ನಿರೂಪಣಾ ಶಾಸ್ತ್ರ ಬಲ್ಲ ಒಬ್ಬರನ್ನು ಹುಡುಕಿದರು. ಎರಡರಲ್ಲಿ ಒಂದನ್ನಷ್ಟೇ ಬಲ್ಲವರು ಬಂದರೆ ಪ್ರಬಂಧದ ಒಂದೇ ಕಾಲನ್ನು ಪರೀಕ್ಷಿಸುತ್ತಾರೆ.

36ನೇ ತಿಂಗಳ ಕೊನೆಯ ವಾರದಲ್ಲಿ ಸಲ್ಲಿಕೆ, ಅದಾದ ಹತ್ತು ವಾರಕ್ಕೆ ಪರೀಕ್ಷೆ. ಎರಡು ಗಂಟೆ ನಡೆಯಿತು. ತಯಾರಿಗೆ ಅಭ್ಯರ್ಥಿ ಮಾಡಿಕೊಂಡದ್ದು ಪ್ರತಿ ಅಧ್ಯಾಯಕ್ಕೆ ಒಂದೊಂದು ಪುಟದ ಸಾರ, ಅಂಟುಚೀಟಿ ಹಚ್ಚಿದ ಮುದ್ರಿತ ಪ್ರತಿ, ತಾವೇ ಕಂಡುಕೊಂಡ ಮುದ್ರಣದೋಷಗಳ ಪಟ್ಟಿ. ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: ‘ಈ ಕಾದಂಬರಿ ಬರೆಯದೆ ಇದ್ದಿದ್ದರೆ ನಮಗೆ ಏನು ತಿಳಿಯುತ್ತಿರಲಿಲ್ಲ?’ ದೀಪ ಎಣಿಸುವ ಪ್ಯಾರಾದ ಎರಡು ಕರಡುಗಳನ್ನು ತೆರೆದು ಉತ್ತರ ಕೊಟ್ಟರು. ಇಪ್ಪತ್ತನೇ ತಿಂಗಳಲ್ಲಿ ಈ ಪ್ರಶ್ನೆ ಬಂದಿದ್ದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಹೊರಗಿನ ಪರೀಕ್ಷಕರ ಆಕ್ಷೇಪ ಇನ್ನೊಂದು ಕಡೆಯಿಂದ ಬಂತು. ಗುಂಪು ಕುಗ್ಗುತ್ತದೆ ಎನ್ನುತ್ತೀರಿ, ಆದರೆ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಬಿಟ್ಟುಹೋದವರ ಮಕ್ಕಳು ಮರಳಿ ಬಂದಾಗ ‘ನಾವು’ ಮತ್ತೆ ದೊಡ್ಡದಾಗುತ್ತದೆ, ಅದರ ಬಗ್ಗೆ ವಿಮರ್ಶೆಯಲ್ಲಿ ಒಂದು ಮಾತೂ ಇಲ್ಲವಲ್ಲ? ನ್ಯಾಯವಾದ ಪ್ರಶ್ನೆ. ಅಭ್ಯರ್ಥಿ ಸಮರ್ಥನೆಗೆ ಇಳಿಯದೆ, ಅದು ತಮ್ಮ ಕಣ್ಣು ತಪ್ಪಿದೆ ಎಂದು ಒಪ್ಪಿಕೊಂಡು, ಅಲ್ಲೇ ಪುಟ ತೆರೆದು ಯೋಚಿಸಿದರು. ಮರಳಿದವರನ್ನು ಸೇರಿಸಿಕೊಂಡ ‘ನಾವು’ ಮೊದಲಿನ ‘ನಾವು’ ಅಲ್ಲ. ಅದರಲ್ಲಿ ಮುಳುಗಿದ ಊರನ್ನು ಕಾಣದವರೂ ಇದ್ದಾರೆ, ಆದ್ದರಿಂದ ಅಲ್ಲಿಂದ ಮುಂದೆ ‘ನೋಡಿದೆವು’ ಎಂಬ ಕ್ರಿಯಾಪದ ಬರುವಂತಿಲ್ಲ ಎಂಬುದು ಆ ಚರ್ಚೆಯಲ್ಲಿ ಹೊರಬಂತು.

ಫಲಿತಾಂಶ ಸಣ್ಣ ತಿದ್ದುಪಡಿಗಳೊಂದಿಗೆ ಉತ್ತೀರ್ಣ, ಅವಧಿ 3 ತಿಂಗಳು. ದೊಡ್ಡ ತಿದ್ದುಪಡಿ ಎಂದಾಗಿದ್ದರೆ ಸಾಮಾನ್ಯವಾಗಿ 6 ತಿಂಗಳವರೆಗೆ, ಮರುಸಲ್ಲಿಕೆ ಎಂದಾಗಿದ್ದರೆ 12 ತಿಂಗಳವರೆಗೆ ಅವಧಿ ಸಿಗುತ್ತಿತ್ತು. ಮಾಡಬೇಕಾದ ತಿದ್ದುಪಡಿ ವಿಮರ್ಶಾ ಭಾಗಕ್ಕೆ 1,200 ಪದದ ಹೊಸ ಉಪವಿಭಾಗ, ಕಾದಂಬರಿಯ ಆ ಭಾಗದಲ್ಲಿ ಎರಡು ಕಡೆ ನುಸುಳಿದ್ದ ‘ನೋಡಿದೆವು’ ತೆಗೆಯುವುದು, ಮುದ್ರಣದೋಷಗಳು. ಪ್ರತಿ ತಿದ್ದುಪಡಿಗೂ ಪರೀಕ್ಷಕರ ಮಾತು, ಮಾಡಿದ ಬದಲಾವಣೆ, ಹೊಸ ಪುಟಸಂಖ್ಯೆ ಎಂದು ಮೂರು ಅಂಕಣದ ಪಟ್ಟಿ ಮಾಡಿ ಒಳಪರೀಕ್ಷಕರಿಗೆ ಕಳಿಸಿದರು.

ಅಂತಿಮ ಪ್ರತಿ ಒಪ್ಪಿಸುವಾಗ ಜಾಲ ಭಂಡಾರದ ಅರ್ಜಿಯಲ್ಲಿ ತಡೆಯವಧಿ ಕೋರುವ ಅವಕಾಶವಿರುತ್ತದೆ. ಕಾದಂಬರಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ತೆರೆದುಕೊಂಡರೆ ಪ್ರಕಾಶಕರು ಹಿಂಜರಿಯಬಹುದು. ಇಡೀ ಪ್ರಬಂಧಕ್ಕೆ ತಡೆ ಕೇಳಿದರೆ ವಿಮರ್ಶೆಯೂ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನ್ನೂ ಬೇರೆ ಬೇರೆ ಕಡತಗಳಾಗಿ ಒಪ್ಪಿಸಿ, ಕಾದಂಬರಿಗೆ 3 ವರ್ಷದ ತಡೆ ಕೋರಿ, ವಿಮರ್ಶೆಯನ್ನು ತೆರೆದಿಟ್ಟರು. ಅದರಲ್ಲಿ ಉದ್ಧರಿಸಿದ ದೀಪದ ಪ್ಯಾರಾ ಮತ್ತು ಅದರ ಹಳೆಯ ಕರಡು ಮಾತ್ರ ಸದ್ಯಕ್ಕೆ ಯಾರು ಬೇಕಾದರೂ ಓದಬಹುದಾದ ಕಾದಂಬರಿಯ ಭಾಗ.